ಮನೆ ಕಾಯುವ ಕತ್ತಿ: ಒನಕೆಯಿಂದ ಒಡಿಕತ್ತಿಯವರೆಗೆ

ಚಿತ್ರದುರ್ಗದ ಕೋಟೆ ನೋಡಲು ಹೋದವರು ಓಬವ್ವನ ಕಿಂಡಿಯನ್ನು ನೋಡದೆ ಹಿಂದಿರುಗುವುದಿಲ್ಲ. ಬಂಡೆಗಳ ನಡುವೆ ಒಂದು ಸಲಕ್ಕೆ ಒಬ್ಬನೇ ಮೈ ಮುದುಡಿಕೊಂಡು ನುಸುಳಬಹುದಾದ ಸಂದು ಅದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯ ಸೈನಿಕರು ಅಲ್ಲಿಂದ ಒಳನುಗ್ಗಲು ಹವಣಿಸಿದರು. ಕಾವಲುಗಾರ ಆಗ ಊಟಕ್ಕೆ ಕುಳಿತಿದ್ದ. ನೀರು ತರಲು ಹೋದ ಹೆಂಡತಿ ಗುಸುಗುಸು ಕೇಳಿಸಿಕೊಂಡು ಒನಕೆ ಹಿಡಿದು ಬಂದು ನಿಂತಳು, ನುಸುಳಿದವರ ತಲೆಗೆ ಒಂದೊಂದೇ ಏಟು ಹಾಕಿದಳು ಎಂಬ ಕಥೆ ಕನ್ನಡಿಗರಿಗೆ ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲಂತೂ ಓಬವ್ವನಿಗೆ ಒಂದು ಮುಖವೇ ಬಂತು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಆಕೆಯ ಜಯಂತಿಯನ್ನೂ ಆಚರಿಸುತ್ತಿದೆ.

ಈ ಕಥೆಯ ಒಂದು ಸಂಗತಿಯತ್ತ ಮಾತ್ರ ಗಮನ ಹೋಗುವುದು ಕಡಿಮೆ. ಕೋಟೆ ಕಾಯುವವನ ಮನೆಯಲ್ಲಿ ಕತ್ತಿ, ಭರ್ಜಿ ಇರಲಿಲ್ಲವೆ? ಇದ್ದಿರಲೇಬೇಕು. ಆದರೂ ಆಕೆಯ ಕೈ ಹೋದದ್ದು ಒನಕೆಗೆ. ಏಕೆಂದರೆ ದಿನವೂ ಭತ್ತ ಕುಟ್ಟಿ ಆ ಕೈಗೆ ಒನಕೆಯ ತೂಕ ಗೊತ್ತಿತ್ತು. ಎರಡೂ ಕೈಯಲ್ಲಿ ಎತ್ತಿ ನೇರ ಕೆಳಕ್ಕೆ ಇಳಿಸುವುದು ಅದರ ಕೆಲಸ. ಕಿಂಡಿಯಲ್ಲಿ ಬಗ್ಗಿ ಬರುವವನ ಮೇಲೆ ಬೇಕಾದದ್ದೂ ಅದೇ ಏಟು. ಕತ್ತಿಯಾಗಿದ್ದರೆ ಬೀಸಲು ಜಾಗ ಬೇಕಿತ್ತು, ಬೀಸುವ ಅಭ್ಯಾಸವೂ ಬೇಕಿತ್ತು. ದಾಖಲೆಗಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿದ ಕಥೆ ಇದು. ಆದರೆ ಕಥೆ ಕಟ್ಟಿದವರಿಗೆ ಆಯುಧದ ಮರ್ಮ ಚೆನ್ನಾಗಿಯೇ ತಿಳಿದಿತ್ತು ಎನ್ನಬೇಕು.

ಮನೆಯಲ್ಲಿ ರಕ್ಷಣೆಗೆಂದು ಏನನ್ನಿಟ್ಟುಕೊಳ್ಳಬೇಕು ಎಂಬುದು ಇಂದಿಗೂ ಹಲವರ ಪ್ರಶ್ನೆ. ಮಲೆನಾಡಿನ ಒಂಟಿ ಮನೆಗಳಲ್ಲಿ, ಕಾಫಿ ಮತ್ತು ಅಡಿಕೆ ತೋಟಗಳ ನಡುವೆ, ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದ ದಂಪತಿಗಳಷ್ಟೇ ಉಳಿದಿರುವ ಕಡೆ, ಇದು ಹರಟೆಯ ವಿಷಯವಲ್ಲ. ಪಕ್ಕದ ಮನೆ ಕೂಗಳತೆಯಲ್ಲಿ ಇರುವುದಿಲ್ಲ. ಪೊಲೀಸ್ ಠಾಣೆ ಹತ್ತಾರು ಕಿಲೋಮೀಟರ್ ದೂರ, ಮಳೆಗಾಲದಲ್ಲಿ ಫೋನು ಕೈಕೊಟ್ಟರೆ ಕೇಳುವಂತಿಲ್ಲ. ರಾತ್ರಿ ನಾಯಿ ಬೊಗಳಿದಾಗ ಮನೆಯ ಯಜಮಾನನ ಕೈ ಬಾಗಿಲ ಹಿಂದಿನ ದೊಣ್ಣೆಯನ್ನೋ ಕತ್ತಿಯನ್ನೋ ತಡಕುತ್ತದೆ.

ಇಲ್ಲಿ ಕತ್ತಿ ಎಂದರೆ ಯುದ್ಧದ ಖಡ್ಗವಲ್ಲ. ಮಲೆನಾಡು, ಕರಾವಳಿಗಳಲ್ಲಿ ಕತ್ತಿ ಎಂದರೆ ಗಿಡಗಂಟಿ ಸವರುವ, ಕಾಯಿ ಕೆತ್ತುವ, ಸೌದೆ ಸೀಳುವ ಹತಾರ. ಬಯಲುಸೀಮೆಯವರ ಮಚ್ಚು ಅದರ ದಾಯಾದಿ. ಕುಡುಗೋಲು, ಕೊಡಲಿ, ಹಾರೆ, ಅಡುಗೆಮನೆಯ ಈಳಿಗೆಮಣೆ ಎಲ್ಲವೂ ಒಂದೇ ಬಳಗ. ಊರ ಕಮ್ಮಾರ ಹಳೆಯ ಲಾರಿಯ ಪಟ್ಟಾ ಕಾಯಿಸಿ ಬಡಿದು ಮಾಡಿಕೊಡುವ ಮಚ್ಚಿಗೆ ಅಂದ ಇರುವುದಿಲ್ಲ, ಆದರೆ ಅದು ಬಾಳುತ್ತದೆ. ಲಾರಿಯ ಭಾರ ತಾಳಿದ ಉಕ್ಕು ತಾನೆ. ಕನ್ನಡದ ಮಾತೂ ಇವನ್ನು ಬೇರೆ ಮಾಡುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಯೋಧನ ಶಸ್ತ್ರವೂ ಹತಾರ, ಬಡಿಗನ ಉಳಿ, ಗರಗಸಗಳೂ ಹತಾರ. ಆಯುಧಪೂಜೆಯ ದಿನ ಅರಮನೆಯ ಪಟ್ಟದ ಕತ್ತಿಗೆ ಹಚ್ಚುವ ಕುಂಕುಮವನ್ನೇ ರೈತ ಕುಡುಗೋಲಿಗೂ ಚಾಲಕ ಬಸ್ಸಿನ ಚಕ್ರಕ್ಕೂ ಹಚ್ಚುತ್ತಾನೆ.

ಹತಾರ ಮತ್ತು ಶಸ್ತ್ರ ಒಂದೇ ಆಗಿ ಬೆಳೆದ ನಾಡಿಗೆ ಕೊಡಗಿಗಿಂತ ಒಳ್ಳೆಯ ಉದಾಹರಣೆ ಸಿಗದು. ಕೊಡವರ ಒಡಿಕತ್ತಿ ಬುಡದಲ್ಲಿ ಕಿರಿದಾಗಿ, ತುದಿಯತ್ತ ಅಗಲವಾಗುತ್ತ ಬಾಗಿದ ಭಾರವಾದ ಅಲಗು. ಹರಿತವಿರುವುದು ಬಾಗಿನ ಒಳಬದಿಗೆ. ತೂಕವೆಲ್ಲ ಮುಂದಕ್ಕಿರುವುದರಿಂದ ಬೀಸಿದರೆ ಕೈಯ ಬಲಕ್ಕಿಂತ ಕತ್ತಿಯ ಭಾರವೇ ಕೆಲಸ ಮಾಡುತ್ತದೆ. ಪಕ್ಕದ ಮಲಬಾರಿನ ಆಯುಧಕತ್ತಿಗೂ ಇದಕ್ಕೂ ನಿಕಟ ಸಂಬಂಧ. ಬಿದಿರು ಮೆಳೆ, ಬಳ್ಳಿ ತುಂಬಿದ ಕಾಡಿನಲ್ಲಿ ದಾರಿ ಮಾಡಿಕೊಂಡು ಹೋಗಲು ಇಂಥದ್ದೇ ಬೇಕು. ಉದ್ದನೆಯ ನೇರ ಖಡ್ಗ ಅಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಸೊಂಟದ ಪಕ್ಕ ತೂಗುಬಿಡುವುದಿಲ್ಲ. ಬೆನ್ನ ಹಿಂದೆ ‘ತೊಡಂಗ್’ ಎಂಬ ಲೋಹದ ಹಿಡಿಕೆಗೆ ಸಿಕ್ಕಿಸುತ್ತಾರೆ. ಎರಡೂ ಕೈ ಬಿಡುವಾಗಿರುತ್ತದೆ. ಬೇಕೆಂದಾಗ ಕೈ ಹಿಂದಕ್ಕೆ ಹಾಕಿ ಎಳೆದರಾಯಿತು. ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸುವ ಬೆಳ್ಳಿ ಅಲಂಕಾರದ ಪೀಚೆಕತ್ತಿ ಚಿಕ್ಕದು, ಇಂದು ಅದು ಹೆಚ್ಚಾಗಿ ಮದುಮಗನ ಉಡುಗೆಯ ಭಾಗ. ಮದುವೆಯ ದಿನ ಬಾಳೆಯ ದಿಂಡನ್ನು ಕಡಿದುರುಳಿಸುವ ಕೆಲಸ ಒಡಿಕತ್ತಿಗೇ ಮೀಸಲು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಈ ಸಂಬಂಧವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ನಾಟಿಯ ಕಾಲದಲ್ಲಿ ಆಯುಧಗಳನ್ನು ಮನೆಯೊಳಗೆ ಎತ್ತಿಟ್ಟು ಗದ್ದೆಗೆ ಇಳಿಯುವುದು, ಕೆಲಸ ಮುಗಿದ ಮೇಲೆ ಅವನ್ನು ತೊಳೆದು, ತೋಕ್ ಪೂವಿಟ್ಟು ಪೂಜಿಸಿ ಮತ್ತೆ ಕೈಗೆತ್ತಿಕೊಳ್ಳುವುದು ಹಿಂದಿನ ಕ್ರಮ. ತೋಕ್ ಎಂದರೆ ಕೋವಿ. ಕೋವಿಯ ಬಾಯಿಗೆ ಸಿಕ್ಕಿಸುವ ಹೂವಿಗೂ ಅದೇ ಹೆಸರು ಬಂದಿದೆ. ಕಡಂಬಿಟ್ಟು, ಹಂದಿ ಸಾರಿನ ಊಟ ಅದರ ನಂತರ. ಆಯುಧಕ್ಕೂ ಒಂದು ಋತು ಇತ್ತು, ವರ್ಷದ ಕೆಲವು ತಿಂಗಳು ಅದು ಕೆಳಗಿರಬೇಕಿತ್ತು ಎಂಬುದನ್ನು ಹಬ್ಬದ ಗದ್ದಲದಲ್ಲಿ ಮರೆಯುವಂತಿಲ್ಲ.

ಮನೆಯ ಆಯುಧದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು 1857ರಲ್ಲಿ. ಉತ್ತರದಲ್ಲಿ ದಂಗೆ ಹಬ್ಬುತ್ತಿದ್ದಂತೆ ಜನರ ಕೈಯಲ್ಲಿರುವ ಆಯುಧಗಳನ್ನು ನೋಂದಾಯಿಸುವ, ಕಸಿಯುವ ಕಾನೂನು ಬಂತು. ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಬೇಟೆಯೇ ಬದುಕು, ಕಾವಲೇ ಕಸುಬು ಆಗಿದ್ದವರಿಗೆ ಹತಾರ ಒಪ್ಪಿಸುವುದೆಂದರೆ ರೈತ ನೇಗಿಲು ಒಪ್ಪಿಸಿದಂತೆ. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರಿನ ಮೇಲೆ ಬಿತ್ತು. ಮನೆಗಳಿಗೆ ಬೆಂಕಿ ಹಚ್ಚಲಾಯಿತು, ಅನೇಕರು ಸತ್ತರು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಈ ಕದನದ ಲಾವಣಿಯನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಅಚ್ಚು ಹಾಕಿಸಿದರು. ಆಯುಧ ಕಸಿದ ಸರ್ಕಾರದ ಅಧಿಕಾರಿಯೊಬ್ಬರಿಂದಲೇ ಆ ಹಾಡು ಅಚ್ಚಿನಲ್ಲಿ ಉಳಿಯಿತು ಎಂಬುದು ಇತಿಹಾಸದ ವಿನೋದ.

ಇದಾದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕೊಡಗಿನಲ್ಲಿ ತದ್ವಿರುದ್ಧವಾದದ್ದು ನಡೆಯಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತ ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟಿತು. ದಂಗೆಯ ಕಾಲದಲ್ಲಿ ಕೊಡಗು ಶಾಂತವಾಗಿದ್ದುದಕ್ಕೆ ಸಂದ ಬಹುಮಾನ ಅದು. ಹಲಗಲಿಯವರಿಗೂ ಕೊಡಗಿನವರಿಗೂ ಆಯುಧದೊಂದಿಗೆ ಇದ್ದ ನಂಟು ಹೆಚ್ಚು ಬೇರೆಯದೇನೂ ಆಗಿರಲಿಲ್ಲ. ಬೇರೆಯಾಗಿದ್ದದ್ದು ಸರ್ಕಾರಕ್ಕೆ ಅವರ ಮೇಲಿದ್ದ ನಂಬಿಕೆ ಅಷ್ಟೇ. ಮುಂದೆ ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆ ಇಡೀ ದೇಶಕ್ಕೆ ಪರವಾನಗಿಯ ಪದ್ಧತಿ ತಂದಿತು. ಬಂದೂಕಿನ ಜೊತೆಗೆ ಖಡ್ಗ, ಕಠಾರಿ, ಭರ್ಜಿ, ಬಿಲ್ಲುಬಾಣಗಳೂ ಅದರ ಪಟ್ಟಿಯಲ್ಲಿದ್ದವು. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಲ್ಲೇ ಈ ತಾರತಮ್ಯದ ವಿರುದ್ಧ ದನಿ ಎದ್ದಿತ್ತು.

ಸ್ವತಂತ್ರ ಭಾರತದ 1959ರ ಕಾಯಿದೆ ತಾರತಮ್ಯವನ್ನು ಕೈಬಿಟ್ಟರೂ ಪರವಾನಗಿಯನ್ನು ಉಳಿಸಿಕೊಂಡಿತು. ಕೊಡಗಿನ ವಿನಾಯಿತಿಯೂ ಉಳಿಯಿತು. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು; ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಉಳಿದವರ ಮನೆಯ ಕತ್ತಿಯ ಗತಿಯೇನು? 1959ರ ಕಾಯಿದೆಯ ವ್ಯಾಖ್ಯೆಯನ್ನು ಓದಿದರೆ ಉತ್ತರ ಸಿಗುತ್ತದೆ. ಹೊಡೆಯಲು ಅಥವಾ ತಡೆಯಲು ಆಯುಧವೆಂದೇ ರೂಪಿಸಿದ ವಸ್ತು ಶಸ್ತ್ರ. ಕೇವಲ ಮನೆಯ ಅಥವಾ ಕೃಷಿಯ ಬಳಕೆಗಾಗಿ ರೂಪಿಸಿದ್ದು ಶಸ್ತ್ರವಲ್ಲ. ಲಾಠಿ, ಸಾಧಾರಣ ಊರುಗೋಲುಗಳನ್ನು ಕಾನೂನು ಹೆಸರಿಸಿಯೇ ಹೊರಗಿಟ್ಟಿದೆ. ನಿಯಮಗಳು ಇನ್ನೂ ಒಂದು ಅಳತೆ ಕೊಡುತ್ತವೆ: ಖಡ್ಗ, ಕಠಾರಿ, ಭರ್ಜಿ, ಯುದ್ಧದ ಕೊಡಲಿಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳು ಹರಿತವಾದ ಮಾರಕಾಸ್ತ್ರಗಳ ವರ್ಗಕ್ಕೆ ಸೇರುತ್ತವೆ. ಮನೆ, ಕೃಷಿ, ಕೈಗಾರಿಕೆಗಳ ಬಳಕೆಗೆ ಮಾಡಿದವು ಈ ಅಳತೆ ಮೀರಿದರೂ ಸೇರುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಈ ವರ್ಗದ ಆಯುಧಗಳಿಗೂ ಪರವಾನಗಿ ಬೇಕು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೆಯ ವಿಧಿಯಲ್ಲೇ ರಕ್ಷಣೆ ಇದೆ, ಅದು ಬೇರೆ ಮಾತು.

ಹೀಗಾಗಿ ಒಂದೂವರೆ ಅಡಿಯ ತೋಟದ ಕತ್ತಿ ಮಾಡಿಗೆ ಸಿಕ್ಕಿಸಿಕೊಂಡು ನಿಶ್ಚಿಂತೆಯಿಂದ ಇರುತ್ತದೆ, ಅದಕ್ಕಿಂತ ಗಿಡ್ಡದಾದ ಕಠಾರಿ ಕಾನೂನಿನ ಕಣ್ಣಿಗೆ ಬೀಳುತ್ತದೆ. ಅಳೆಯುವುದು ಹರಿತವನ್ನಲ್ಲ, ಉದ್ದೇಶವನ್ನು. ಇದೇ ಕತ್ತಿಯನ್ನು ಕಾರಿನ ಸೀಟಿನ ಕೆಳಗಿಟ್ಟುಕೊಂಡು ರಾತ್ರಿ ಪೇಟೆ ಸುತ್ತಿದರೆ, ಅಥವಾ ನಿಷೇಧಾಜ್ಞೆ ಇರುವಾಗ ಕೈಯಲ್ಲಿ ಹಿಡಿದು ರಸ್ತೆಗಿಳಿದರೆ, ತೆಂಗಿನಕಾಯಿ ಕೆತ್ತಲು ಹೊರಟಿದ್ದೆ ಎಂಬ ಸಮಜಾಯಿಷಿ ನಡೆಯುವುದು ಕಷ್ಟ.

ಕಾನೂನನ್ನು ಒಂದು ಕ್ಷಣ ಪಕ್ಕಕ್ಕಿಟ್ಟು, ಯಾವುದು ಕೆಲಸಕ್ಕೆ ಬರುತ್ತದೆ ಎಂದು ನೋಡಿದರೂ ಫಲಿತಾಂಶ ಹೆಚ್ಚು ಬದಲಾಗದು. ಪ್ರವಾಸಿ ತಾಣಗಳ ಅಂಗಡಿಗಳಲ್ಲಿ ತೂಗಿಬಿಟ್ಟಿರುವ ಥಳಥಳಿಸುವ ಖಡ್ಗಗಳು ಗೋಡೆಗೆ ಮಾತ್ರ ಶೋಭೆ. ಅಂಥವುಗಳ ಅಲಗು ಸಾಮಾನ್ಯವಾಗಿ ತೆಳು ತಗಡು, ಹಿಡಿಯೊಳಗೆ ಇಳಿದಿರುವ ಭಾಗ ಬೆರಳಷ್ಟು. ಜೋರಾಗಿ ಬೀಸಿದರೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಗಟ್ಟಿಯಾದ ಖಡ್ಗವೇ ಆದರೂ ನಮ್ಮ ಮನೆಗಳ ನಡುಕೋಣೆ, ಓಣಿಗಳಲ್ಲಿ ಅದನ್ನು ಬೀಸುವುದೆಲ್ಲಿ? ಮೇಲೆತ್ತಿದರೆ ತೊಲೆಗೆ ತಾಗುತ್ತದೆ, ಪಕ್ಕಕ್ಕೆ ಬೀಸಿದರೆ ಬಾಗಿಲುವಾಡಕ್ಕೆ. ಕತ್ತಲಲ್ಲಿ ಎದುರು ಬಂದವನು ಕಳ್ಳನೋ, ನೀರು ಕುಡಿಯಲು ಎದ್ದ ಮಗನೋ ಎಂದು ತಿಳಿಯುವ ಮೊದಲೇ ಹರಿತದ ಅಲಗು ತನ್ನ ಕೆಲಸ ಮುಗಿಸಿರುತ್ತದೆ. ಕತ್ತಿ ಹಿಡಿದವನ ತೋಳು ಉದ್ದವಾಗುವುದು ಮೊಳದಷ್ಟು ಮಾತ್ರ. ಅಂದರೆ ಎದುರಾಳಿಯ ಕೈಗೆ ಸಿಗುವಷ್ಟು ಹತ್ತಿರ ಹೋಗಲೇಬೇಕು, ಬಲವಂತನಾದರೆ ಅವನು ಅದನ್ನು ಕಿತ್ತುಕೊಳ್ಳುತ್ತಾನೆ.

ದೊಣ್ಣೆಯ ಗುಣ ಗೊತ್ತಾಗುವುದು ಆಗ. ಆಳೆತ್ತರದ ಬಿದಿರ ಕೋಲು ಎದುರಿನವನನ್ನು ದೂರದಲ್ಲೇ ನಿಲ್ಲಿಸುತ್ತದೆ. ಚುಚ್ಚಿ ಹಿಮ್ಮೆಟ್ಟಿಸಬಹುದು, ಬೀಸಲೇಬೇಕೆಂದಿಲ್ಲ. ತಪ್ಪಿ ತಾಗಿದರೆ ಬಾಸುಂಡೆ ಏಳುತ್ತದೆಯೇ ಹೊರತು ಪ್ರಾಣ ಹೋಗುವ ಸಂಭವ ಕಡಿಮೆ. ಕುರಿ ಕಾಯುವವರು ತೋಳದ ಭಯವಿರುವ ಬಯಲಿನಲ್ಲಿ ರಾತ್ರಿಗಳನ್ನು ಕಳೆದದ್ದು ಈ ಬಡಿಗೆಯ ಮೇಲೆ ಭಾರ ಹಾಕಿಯೇ. ಅಡುಗೆಮನೆಯ ಹೆಂಗಸರು ನೆಚ್ಚಿದ ಕಾರದ ಪುಡಿಯನ್ನೂ ಹಗುರವಾಗಿ ಕಾಣಬೇಕಿಲ್ಲ. ಗಾಳಿ ತಮ್ಮ ಕಡೆಗೇ ಬೀಸದಂತೆ ನೋಡಿಕೊಂಡರಾಯಿತು. ಒಳ್ಳೆಯ ಟಾರ್ಚು ಇದ್ದರೆ ಇವೆಲ್ಲಕ್ಕಿಂತ ಮೊದಲು ಕೈಗೆ ಬರಬೇಕಾದದ್ದು ಅದು.

ಹಿಂದಿನವರು ಕತ್ತಿಗಿಂತ ಹೆಚ್ಚು ಯೋಚನೆ ಮಾಡಿದ್ದು ಬಾಗಿಲ ಬಗ್ಗೆ. ಕೊಡಗಿನ ಐನ್‌ಮನೆಗಳಿಗೆ ನೇರ ದಾರಿ ಇರುವುದಿಲ್ಲ. ಎರಡೂ ಕಡೆ ಎತ್ತರದ ಮಣ್ಣಿನ ದಿಬ್ಬವಿರುವ ಇಕ್ಕಟ್ಟಾದ ಓಣಿ ತಿರುಗಿ ತಿರುಗಿ ಅಂಗಳಕ್ಕೆ ಬರುತ್ತದೆ. ಗುಂಪಾಗಿ ನುಗ್ಗಲು ಆಗದು, ಬರುವವರನ್ನು ಮನೆಯವರು ಮೊದಲೇ ಗುರುತಿಸಬಹುದು. ಉತ್ತರ ಕರ್ನಾಟಕದ ವಾಡೆಗಳ ಆನೆಗಾತ್ರದ ಹೆಬ್ಬಾಗಿಲಿನಲ್ಲಿ ಒಂದು ದಿಂಡಿ ಬಾಗಿಲು ಇರುತ್ತದೆ. ದೊಡ್ಡ ಬಾಗಿಲು ಮುಚ್ಚಿದ್ದಾಗ ಬರುವವನು ತಲೆ ತಗ್ಗಿಸಿ, ಕಾಲೆತ್ತಿ ಈ ಕಿರುಬಾಗಿಲಿನಲ್ಲೇ ಒಳಬರಬೇಕು. ಅದೇ ಸೀಮೆಯ ಹಳ್ಳಿಗಳಲ್ಲಿ ಊರೆಲ್ಲ ಕಾಣುವಂತೆ ಕಟ್ಟಿದ ಹುಡೇವುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ದಾಳಿಕೋರರ ಸುಳಿವು ಸಿಕ್ಕಿದರೆ ಜನ ಅಲ್ಲಿ ಏರಿ ಕೂರುತ್ತಿದ್ದರು. ಸಾಧಾರಣ ಮನೆಯಲ್ಲೂ ಗೋಡೆಯ ಒಳಗಿಂದ ಎಳೆದು ಹಾಕುವ ಮರದ ಅಗಳಿ ಇರುತ್ತಿತ್ತು. ಅದನ್ನು ಮುರಿಯಲು ಮರದ ದಿಮ್ಮಿಯನ್ನೇ ತರಬೇಕು. ಅಷ್ಟರಲ್ಲಿ ಕೇರಿ ಎದ್ದಿರುತ್ತದೆ. ಅಂದರೆ ಪ್ರತಿಯೊಂದು ಮನೆಯಲ್ಲೂ ಒಂದು ಓಬವ್ವನ ಕಿಂಡಿ ಇತ್ತು. ಇಂದಿನ ಅಗಲವಾದ ಗಾಜಿನ ಕಿಟಕಿ, ಹಿಂಬಾಗಿಲಿನ ತೆಳುವಾದ ಪ್ಲೈವುಡ್ಡಿನ ಕದಗಳಿರುವ ಮನೆಯಲ್ಲಿ ಗೋಡೆಗೆ ಖಡ್ಗ ತೂಗುಹಾಕುವವರು ಲೆಕ್ಕ ತಪ್ಪಿದ್ದಾರೆ.

ಕಳ್ಳ ಒಳಗೆ ಬಂದೇಬಿಟ್ಟರೆ ಮನೆಯವನು ಎಷ್ಟರಮಟ್ಟಿಗೆ ಮುಂದುವರಿಯಬಹುದು? ಸ್ವರಕ್ಷಣೆಯ ಹಕ್ಕು 1860ರ ದಂಡ ಸಂಹಿತೆಯ 96ರಿಂದ 106ನೆಯ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 34ರಿಂದ 44ರವರೆಗಿದೆ, ತಿರುಳು ಬದಲಾಗಿಲ್ಲ. ತನ್ನ ಅಥವಾ ಇನ್ನೊಬ್ಬರ ದೇಹವನ್ನು, ಆಸ್ತಿಯನ್ನು ಕಾಪಾಡಿಕೊಳ್ಳುವುದು ಅಪರಾಧವಲ್ಲ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಮನೆಗನ್ನ, ವಾಸದ ಮನೆಗೆ ಬೆಂಕಿ ಹಚ್ಚುವುದು, ಪ್ರಾಣಭಯ ಅಥವಾ ಭಾರಿ ಗಾಯದ ಭಯ ಹುಟ್ಟಿಸುವಂಥ ಕಳ್ಳತನ ಮತ್ತು ಅತಿಕ್ರಮ ಪ್ರವೇಶ, ಈ ಸಂದರ್ಭಗಳಲ್ಲಿ ತಡೆಯುವಾಗ ಎದುರಾಳಿ ಸತ್ತರೂ ಹಕ್ಕಿನ ರಕ್ಷಣೆ ಸಿಗಬಹುದು.

ಇದಕ್ಕೆ ಗಟ್ಟಿಯಾದ ಎಲ್ಲೆಯೂ ಇದೆ. ರಕ್ಷಣೆಗೆ ಅಗತ್ಯವಿದ್ದಷ್ಟೇ ಬಲ, ಅದಕ್ಕಿಂತ ಹೆಚ್ಚಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಹುಟ್ಟುವುದಿಲ್ಲ. 2010ರಲ್ಲಿ ಪಂಜಾಬಿನ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ತತ್ವಗಳನ್ನೆಲ್ಲ ಒಟ್ಟುಗೂಡಿಸಿ ಹೇಳಿತು. ಆಪತ್ತಿನಲ್ಲಿರುವವನು ತಕ್ಕಡಿ ಹಿಡಿದು ಏಟು ತೂಗಲಾರ, ಓಡಿಹೋಗಲೇಬೇಕೆಂಬ ಕಡ್ಡಾಯವೂ ಅವನಿಗಿಲ್ಲ ಎಂದಿತು. ಆದರೆ ಅದೇ ತೀರ್ಪು, ಭಯ ನಿಜವಾಗಿರಬೇಕು, ಆ ಭಯ ಇರುವವರೆಗೆ ಮಾತ್ರ ಹಕ್ಕು ಎಂದೂ ಹೇಳುತ್ತದೆ. ರಾತ್ರಿಯ ಮನೆಗನ್ನದಲ್ಲಿ ಆ ವಿಶೇಷ ಹಕ್ಕು ಕಳ್ಳ ಮನೆಯೊಳಗೆ ಇರುವಷ್ಟು ಹೊತ್ತು ಮಾತ್ರ. ಅವನು ಗೋಡೆ ಹಾರಿ ಓಡುತ್ತಿದ್ದಾನೆ, ಯಜಮಾನ ಮಚ್ಚು ಹಿಡಿದು ಅಟ್ಟಿಸಿಕೊಂಡು ಹೋಗಿ ಬೆನ್ನಿಗೆ ಕಡಿಯುತ್ತಾನೆ ಎಂದುಕೊಳ್ಳಿ. ಹೊಸ್ತಿಲ ಒಳಗೆ ಸ್ವರಕ್ಷಣೆಯಾಗಿದ್ದದ್ದು ಅಂಗಳದಾಚೆ ಕೊಲೆ ಯತ್ನವಾಗಬಹುದು. ಕೆಳಗೆ ಬಿದ್ದವನಿಗೆ ಹಾಕುವ ಎರಡನೆಯ, ಮೂರನೆಯ ಏಟಿಗೂ ಇದೇ ಮಾತು.

ನ್ಯಾಯಾಲಯಕ್ಕೆ ಹೋದಾಗ ಯಾವ ಆಯುಧ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾಗುತ್ತದೆ. ಗಾಬರಿಯಲ್ಲಿ ಕೈಗೆ ಸಿಕ್ಕ ಒನಕೆಯನ್ನೋ ಕುಡುಗೋಲನ್ನೋ ಎತ್ತಿಕೊಂಡೆ ಎಂಬ ಮಾತನ್ನು ನಂಬುವುದು ಸುಲಭ. ಹಾಸಿಗೆಯ ಪಕ್ಕದಲ್ಲೇ ಸಾಣೆ ಹಿಡಿದ ಖಡ್ಗ ಸಿದ್ಧವಾಗಿತ್ತು ಎಂದರೆ ಎದುರು ಪಕ್ಷದ ವಕೀಲರಿಗೆ ಕೇಳಲು ಹತ್ತು ಪ್ರಶ್ನೆ ಸಿಗುತ್ತವೆ. ಘಟನೆಯ ನಂತರ ಹೆದರಿ ಕತ್ತಿಯನ್ನು ತೊಳೆದಿಡುವುದು, ಬಾವಿಗೆ ಎಸೆಯುವುದು ಇನ್ನೂ ದೊಡ್ಡ ತಪ್ಪು; ಸಾಕ್ಷ್ಯನಾಶವೇ ಬೇರೊಂದು ಅಪರಾಧ. ಬಿದ್ದ ಜಾಗದಲ್ಲೇ ಅದನ್ನು ಬಿಟ್ಟು, ಗಾಯಾಳು ಕಳ್ಳನೇ ಆದರೂ ಅವನಿಗೂ ಸೇರಿಸಿ ಆಂಬುಲೆನ್ಸ್ ಕರೆಸಿ, 112ಕ್ಕೆ ಫೋನು ಮಾಡಿ, ಮೊದಲ ದೂರು ತಮ್ಮದೇ ಆಗುವಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಪೊಲೀಸರು ಕತ್ತಿಯನ್ನು ಪಂಚನಾಮೆ ಮಾಡಿ ಒಯ್ಯುತ್ತಾರೆ. ಅದು ತೋಟದ ಕೆಲಸಕ್ಕೆ ಮರಳಿ ಬರುವುದು ವಿಚಾರಣೆ ಮುಗಿದ ಮೇಲೆ, ನ್ಯಾಯಾಲಯ ಅಪ್ಪಣೆ ಕೊಟ್ಟರೆ.